ಅರ್ಜಿ ಬರೆಯಲು ಬಲ್ಲವರ ಊರು

"ನಮ್ಮಂಥ ಮಿಡ್ಲ್ ಕ್ಲಾಸ್‌ನವರ ಮಾತು ಯಾರು ಕೇಳ್ತಾರೆ ಸ್ವಾಮಿ?"

ಮೈಸೂರಿನಲ್ಲಿ ಈ ಮಾತು ಕಿವಿಗೆ ಬೀಳದೆ ಒಂದು ವಾರ ಕಳೆಯುವುದು ಕಷ್ಟ. ಬ್ಯಾಂಕಿನ ಕ್ಯೂನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ವಾಕಿಂಗ್‌ನಲ್ಲಿ. ಬಡವರಿಗೆ ಗ್ಯಾರಂಟಿ ಇದೆ, ದೊಡ್ಡವರಿಗೆ ಸಾಲ ಮನ್ನಾ ಇದೆ, ನಡುವೆ ಇರೋ ನಮಗೇನಿದೆ, ಟ್ಯಾಕ್ಸ್ ಕಟ್ಟೋದು ಬಿಟ್ಟರೆ? ನಾನು ಈ ಮಾತು ಕೇಳುತ್ತಲೇ ಬೆಳೆದವನು. ನಮ್ಮಪ್ಪ ಸರ್ಕಾರಿ ನೌಕರರು, ಕುವೆಂಪುನಗರದಲ್ಲಿ ಮನೆ, ತಿಂಗಳ ಮೊದಲ ವಾರ ಹಬ್ಬ, ಕೊನೇ ವಾರ ಲೆಕ್ಕ. ಆದರೂ ಈಗೀಗ ಯಾರಾದರೂ ಹೀಗಂದರೆ ತಲೆಯಾಡಿಸಲು ಮನಸ್ಸು ಬರುವುದಿಲ್ಲ. ಸರ್ಕಾರ ಎಲ್ಲರಿಗಿಂತ ಬೇಗ ಕೇಳಿಸಿಕೊಳ್ಳುವುದು ನಮ್ಮ ಮಾತನ್ನೇ.

2021ರ ಮಾರ್ಚ್ 31ರ ರಾತ್ರಿ ನೆನಪಿದೆಯಾ? ಸಣ್ಣ ಉಳಿತಾಯದ ಬಡ್ಡಿ ಇಳಿಸಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿತು. ಪಿಪಿಎಫ್ ಬಡ್ಡಿ ಶೇ 7.1ರಿಂದ 6.4ಕ್ಕೆ, ಹಿರಿಯ ನಾಗರಿಕರ ಉಳಿತಾಯ ಯೋಜನೆಯದು 7.4ರಿಂದ 6.5ಕ್ಕೆ. ಸರಸ್ವತಿಪುರಂ, ಕುವೆಂಪುನಗರದ ಕಡೆ ಪೋಸ್ಟ್ ಆಫೀಸಿನ ಪಾಸ್‌ಬುಕ್ ಇಲ್ಲದ ಮನೆ ಹುಡುಕಬೇಕು. ರಿಟೈರ್ ಆದಾಗ ಬಂದ ಗ್ರಾಚ್ಯುಟಿ ದುಡ್ಡು ಇರುವುದೇ ಅಲ್ಲಿ. ಆ ರಾತ್ರಿ ವಾಟ್ಸಾಪ್ ಗುಂಪುಗಳಲ್ಲಿ ಯಾರೂ ಮಲಗಿದಂತೆ ಕಾಣಲಿಲ್ಲ. ಬೆಳಿಗ್ಗೆ ಕಾಫಿ ಮುಗಿಯುವಷ್ಟರಲ್ಲಿ ಆದೇಶ ವಾಪಸ್. ಅದು ಕಣ್ತಪ್ಪಿನಿಂದ ಹೊರಬಿದ್ದದ್ದು ಅಂತ ವಿತ್ತ ಸಚಿವೆ ನಿರ್ಮಲಾ ಸೀತಾರಾಮನ್ ಟ್ವೀಟ್ ಮಾಡಿದರು. ಪಶ್ಚಿಮ ಬಂಗಾಳ, ಅಸ್ಸಾಂನಲ್ಲಿ ಆಗ ಚುನಾವಣೆ ನಡೆದಿತ್ತು, ತಮಿಳುನಾಡು, ಕೇರಳ ಮುಂದಿದ್ದವು. ಅದೂ ಒಂದು ಕಾರಣ ಇರಬಹುದು. ಇದ್ದರೆ ಇರಲಿ. ಒಂದೇ ರಾತ್ರಿಯಲ್ಲಿ ಆದೇಶ ಹಿಂದಕ್ಕೆ ಹೋಗುವಷ್ಟು ಹೆದರಿಕೆ ಹುಟ್ಟಿಸುವ ಜನ ಕೇಳೋರಿಲ್ಲದವರು ಹೇಗಾಗುತ್ತಾರೆ?

2024ರ ಜುಲೈ ಬಜೆಟ್‌ನಲ್ಲೂ ಹೀಗೇ ಆಯಿತು. ಮನೆ, ಸೈಟು ಮಾರಿದಾಗ ಸಿಗುತ್ತಿದ್ದ ಇಂಡೆಕ್ಸೇಷನ್ ಲೆಕ್ಕವನ್ನು, ಅಂದರೆ ಕೊಂಡ ಬೆಲೆಗೆ ಹಣದುಬ್ಬರ ಸೇರಿಸಿ ಲಾಭವನ್ನು ಕಡಿಮೆ ತೋರಿಸುವ ಅನುಕೂಲವನ್ನು, ತೆಗೆದುಹಾಕಿದರು. ಅಪ್ಪ 1980ರ ದಶಕದಲ್ಲಿ ಕೊಂಡ ಸೈಟನ್ನು ಮಾರಲು ಕೂತಿದ್ದವರೆಲ್ಲ ಆಡಿಟರ್ ಮನೆಗೆ ಓಡಿದರು. ಟೀವಿಯಲ್ಲಿ, ಪತ್ರಿಕೆಯಲ್ಲಿ ಗಲಾಟೆ. ಎರಡು ವಾರದಲ್ಲಿ ಸರ್ಕಾರ ಬಗ್ಗಿತು. ಹಳೆಯ ಆಸ್ತಿಗೆ ಹಳೇದು, ಹೊಸದು ಎರಡರಲ್ಲಿ ಯಾವ ಲೆಕ್ಕ ಲಾಭವೋ ಅದನ್ನೇ ಇಟ್ಟುಕೊಳ್ಳಿ ಅಂದಿತು. 2025ರ ಬಜೆಟ್ ಅಂತೂ ಗೊತ್ತೇ ಇದೆ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಇಲ್ಲ.

ಆದರೆ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುವುದು 2016. ಆ ವರ್ಷ ಪಿಎಫ್ ಮೇಲೆ ಎರಡು ಏಟು ಬಿದ್ದವು. ಎರಡನ್ನೂ ಒಟ್ಟಿಗೆ ನೆನೆದರೆ ಇಡೀ ಕಥೆ ಅರ್ಥವಾಗುತ್ತದೆ.

ಒಂದು, ಫೆಬ್ರವರಿ 29ರ ಬಜೆಟ್. ಮುಂದೆ ಕಟ್ಟುವ ಪಿಎಫ್ ಹಣವನ್ನು ತೆಗೆಯುವಾಗ ಅದರ ಶೇ 60ರಷ್ಟಕ್ಕೆ ತೆರಿಗೆ ಅಂತ ಅರುಣ್ ಜೇಟ್ಲಿ ಹೇಳಿದರು. ಆಫೀಸುಗಳಲ್ಲಿ ಅವತ್ತು ಮಧ್ಯಾಹ್ನ ಯಾರೂ ಕೆಲಸ ಮಾಡಲಿಲ್ಲ. ಸಂಜೆ ಟೀವಿಯಲ್ಲಿ ಅದೇ ಚರ್ಚೆ, ಮರುದಿನ ಸಂಪಾದಕೀಯ, ಆನ್‌ಲೈನ್ ಸಹಿ ಸಂಗ್ರಹ. ಮಾರ್ಚ್ 8ಕ್ಕೆ ಪ್ರಸ್ತಾಪ ವಾಪಸ್. ಯಾರೂ ಕುರ್ಚಿ ಬಿಟ್ಟು ಏಳಬೇಕಾಗಲಿಲ್ಲ.

ಇನ್ನೊಂದು, ಅದೇ ಫೆಬ್ರವರಿಯ ಮತ್ತೊಂದು ಅಧಿಸೂಚನೆ. ಮಾಲೀಕರು ಕಟ್ಟಿದ ಪಾಲಿನ ಪಿಎಫ್ ಹಣವನ್ನು 58 ವರ್ಷ ಆಗುವವರೆಗೆ ಮುಟ್ಟುವಂತಿಲ್ಲ ಅಂತ. ಆಫೀಸಿನಲ್ಲಿ ಕೆಲಸ ಮಾಡುವ ನಮಗೆ ಅದು ದೊಡ್ಡ ಸುದ್ದಿ ಅನ್ನಿಸಲೇ ಇಲ್ಲ. 58ರವರೆಗೆ ಕೆಲಸದಲ್ಲಿ ಇರುತ್ತೀವಲ್ಲ. ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ಹೆಂಗಸರಿಗೆ ಹಾಗಲ್ಲ. ಮದ್ದೂರು, ಚನ್ನಪಟ್ಟಣದ ಕಡೆಯಿಂದ ಕೆಲಸಕ್ಕೆ ಹೋಗುವವರನ್ನು ನಾನು ಬಲ್ಲೆ. ನಲವತ್ತಕ್ಕೆಲ್ಲ ಕಣ್ಣು, ಸೊಂಟ ಸೋತುಹೋಗಿರುತ್ತದೆ. ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ಅಂದರೆ ಮಗಳ ಮದುವೆ, ಮಗನ ಡಿಪ್ಲೊಮಾ ಫೀಸು, ಸೋರುವ ಸೂರಿಗೆ ಶೀಟು. ಅವರ ಪರವಾಗಿ ಯಾವ ಟೀವಿಯಲ್ಲೂ ಚರ್ಚೆ ಇರಲಿಲ್ಲ. ಏಪ್ರಿಲ್ 18, 19ರಂದು ಬೆಂಗಳೂರಿನ ಹೊಸೂರು ರಸ್ತೆ, ಪೀಣ್ಯದ ಕಡೆ ಸಾವಿರಾರು ಜನ ಮಿಷನ್ ಬಿಟ್ಟು ರಸ್ತೆಗೆ ಬಂದರು. ಮುಂದೆ ನಿಂತು ಕರೆದ ದೊಡ್ಡ ನಾಯಕರು ಯಾರೂ ಇರಲಿಲ್ಲ. ಕಲ್ಲು ಬಿತ್ತು, ಬಸ್ಸು ಸುಟ್ಟವು, ಲಾಠಿ, ಅಶ್ರುವಾಯು ಎಲ್ಲ ಆಯಿತು. 19ರ ಸಂಜೆ ಸರ್ಕಾರ ಆ ನಿಯಮವನ್ನೂ ವಾಪಸ್ ತೆಗೆದುಕೊಂಡಿತು.

ಗೆದ್ದಿದ್ದು ಇಬ್ಬರೂ. ಒಬ್ಬರಿಗೆ ಬೇಕಾದದ್ದು ಒಂದು ವಾರದ ಗೊಣಗಾಟ. ಇನ್ನೊಬ್ಬರು ಏಟು ತಿನ್ನಬೇಕಾಯಿತು. ಅಷ್ಟಾದ ಮೇಲೂ ಆ ಹೆಂಗಸರ ಗಲಾಟೆಯಿಂದ ಟ್ರಾಫಿಕ್ ಜಾಮ್ ಆಯಿತು ಅಂತ ಬೈದುಕೊಂಡವರಲ್ಲಿ ನಮ್ಮವರೇ ಜಾಸ್ತಿ. ಆ ವಾಪಸಾತಿಯ ಅನುಕೂಲ ಮಾತ್ರ ಪಿಎಫ್ ಖಾತೆ ಇದ್ದ ಎಲ್ಲರಿಗೂ ಸಿಕ್ಕಿತು.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಒಬ್ಬರು ನಿವೃತ್ತ ಇಂಜಿನಿಯರ್ ಇದ್ದಾರೆ. ಹೆಸರು ಬೇಡ, ಎಲ್ಲ ಪಾರ್ಕಿನಲ್ಲೂ ಇಂಥವರು ಒಬ್ಬರು ಸಿಗುತ್ತಾರೆ. ಇವರು ಅರ್ಜಿ ಬರೆಯುವುದನ್ನು ನೋಡಬೇಕು ನೀವು. ಎಡಗಡೆ ಫೈಲಿಗೆ ಚುಚ್ಚಲು ಜಾಗ ಬಿಟ್ಟಿರುತ್ತಾರೆ. "ವಿಷಯ" ಒಂದೇ ಸಾಲು. "ಉಲ್ಲೇಖ"ದಲ್ಲಿ ಹಿಂದಿನ ಮೂರು ಪತ್ರಗಳ ದಿನಾಂಕ. "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರು. ಪಾರ್ಕಿನ ದೀಪ ಕೆಟ್ಟು ಎಷ್ಟು ದಿನ, ಕಂಬದ ನಂಬರ್ ಎಷ್ಟು, ಯಾರು ಎಡವಿ ಬಿದ್ದರು, ಎಲ್ಲ ಇರುತ್ತದೆ. ಸಿಟ್ಟು ಮಾತ್ರ ಇರುವುದಿಲ್ಲ. ಕೊನೆಗೆ "ಪ್ರತಿ" ಅಂತ ಒಂದು ಪಟ್ಟಿ. ಶಾಸಕರು, ಸಂಸದರು, ಜಿಲ್ಲಾಧಿಕಾರಿ, ವಿದ್ಯುತ್ ಕಂಪನಿ ಸೆಸ್ಕ್, ಕಡೆಯಲ್ಲಿ ಎರಡು ಪತ್ರಿಕೆ. ಪತ್ರಿಕೆಯ ಹೆಸರು ಕಂಡರೆ ಫೈಲು ತಾನಾಗೇ ಮೇಲಕ್ಕೆ ಬರುತ್ತೆ ಅನ್ನೋದು ಅವರ ಅನುಭವ.

ಅರ್ಜಿ ಕೊಡುವಾಗ ಎರಡು ಕಾಪಿ. ಟಪಾಲು ವಿಭಾಗದಲ್ಲಿ ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ, ನಂಬರ್ ಹಾಕಿಸಿಕೊಂಡೇ ಬರುವುದು. ಕೌಂಟರಿನವರು "ಇಟ್ಟು ಹೋಗಿ ಸಾರ್" ಅಂದರೆ ಅಲ್ಲಾಡುವುದಿಲ್ಲ. "ಸೀಲಿಲ್ಲದ ಅರ್ಜಿ ಕೊಟ್ಟಂಗೇ ಅಲ್ಲ" ಅನ್ನುತ್ತಾರೆ. ಉತ್ತರ ಬರದಿದ್ದರೆ ಮಾಹಿತಿ ಹಕ್ಕು ಅರ್ಜಿ, ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, ಮೂವತ್ತು ದಿನದ ಗಡುವು. ಕರ್ನಾಟಕದಲ್ಲಿ ಮಾಹಿತಿ ಹಕ್ಕು ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು ಅಂತ ನಿಯಮ ಇದೆ. ಅದನ್ನೂ ಬಲ್ಲರು. ಪದ ಎಣಿಸಿ ಬರೆಯುತ್ತಾರೆ.

ನಾನು ಅವರನ್ನು ಗೇಲಿ ಮಾಡುತ್ತಿಲ್ಲ. ನಮ್ಮ ಬೀದಿಯ ಅರ್ಧ ಕೆಲಸ ಆಗಿರುವುದೇ ಅವರಿಂದ. ಸರ್ಕಾರ ಹೇಗೆ ನಡೆಯುತ್ತೆ ಅನ್ನೋದು ಅವರಿಗೆ ಗೊತ್ತು, ಯಾಕೆಂದರೆ ಮೂವತ್ತು ಚಿಲ್ಲರೆ ವರ್ಷ ಆ ಕಡೆ ಕೂತು ಇಂಥ ಅರ್ಜಿಗಳನ್ನೇ ಓದಿದವರು. ಮೈಸೂರಿನ ಮಧ್ಯಮ ವರ್ಗದ ಬಲ ಇದೇ ಅಂತ ನನಗನ್ನಿಸುತ್ತದೆ. ನಮ್ಮ ಸಂಖ್ಯೆ ದೊಡ್ಡದಲ್ಲ. ವೋಟಿಗೂ ನಾವು ಅಷ್ಟಾಗಿ ಹೋಗುವುದಿಲ್ಲ. ವಿಧಾನಸಭಾ ಚುನಾವಣೆ ಬಂದರೆ ಮಂಡ್ಯ ಜಿಲ್ಲೆಯಲ್ಲಿ ಮತದಾನ ಶೇ 80 ದಾಟುತ್ತದೆ, ಮೈಸೂರು ನಗರದ ಕ್ಷೇತ್ರಗಳು 60ರ ಆಸುಪಾಸಿನಲ್ಲಿ ತೆವಳುತ್ತವೆ. ಆದರೆ ಸರ್ಕಾರದ ಭಾಷೆ ನಮಗೆ ಬರುತ್ತೆ.

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆಗೆ ಬರುವುದಿಲ್ಲ. ಪಾತ್ರೆ ತೊಳೆದು ತೊಳೆದು ಹೆಬ್ಬೆರಳ ಗೆರೆ ಸವೆದಿದೆ. ರೇಷನ್ ಅಂಗಡಿಯ ಮಿಷನ್ ಆಕೆಯ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಒಂದು ಕಚೇರಿಯಲ್ಲಿ ಸರ್ವರ್ ಇಲ್ಲ ಅಂದರು, ಇನ್ನೊಂದರಲ್ಲಿ ಆಧಾರ್ ಅಪ್‌ಡೇಟ್ ಮಾಡಿಸಿಕೊಂಡು ಬಾ ಅಂದರು. ಆಧಾರ್ ಕೇಂದ್ರದಲ್ಲಿ ಟೋಕನ್ ಮುಗಿದಿತ್ತು. ಪ್ರತಿ ಸಲವೂ ಆಕೆಗೆ ಅರ್ಧ ದಿನದ ಕೂಲಿ ಹೋಗುತ್ತದೆ. ಸೀಲು ಹಾಕಿಸಿಕೊಂಡು ಬರಲು ಆಕೆಯ ಕೈಯಲ್ಲಿ ಕಾಗದವೇ ಇಲ್ಲ, ಎಲ್ಲ ಬಾಯಿ ಮಾತು.

ಈ ಅರ್ಜಿ ಚಾಳಿ ನಮ್ಮೂರಿಗೆ ಹೊಸದಲ್ಲ ಬಿಡಿ. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರು ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದಾಗ ಅದರಲ್ಲಿದ್ದದ್ದು 144 ಜನ. ಜಮೀನುದಾರರು, ವ್ಯಾಪಾರಸ್ಥರು, ಒಟ್ಟಿನಲ್ಲಿ ಕಂದಾಯ ಕಟ್ಟುವವರು. ದಸರಾ ಹೊತ್ತಿಗೆ ಬಂದು ಸೇರುತ್ತಿದ್ದರು. ಕಾನೂನು ಮಾಡುವ ಅಧಿಕಾರ ಇರಲಿಲ್ಲ. ದಿವಾನರು ವರ್ಷದ ವರದಿ ಓದುವರು, ಇವರು ಕುಂದುಕೊರತೆ ಹೇಳಿಕೊಳ್ಳುವರು. ದೇಶದ ಸಂಸ್ಥಾನಗಳಲ್ಲೇ ಇಂಥ ಸಭೆ ಮೊದಲು ಮಾಡಿದ್ದು ನಾವು ಅಂತ ಹೆಮ್ಮೆಯಿಂದ ಹೇಳುತ್ತೀವಿ. ಹೆಮ್ಮೆ ಪಡಬೇಕಾದದ್ದೇ. ಆದರೆ ಜಮೀನಿಲ್ಲದವನ ಕೊರತೆಯನ್ನು ಅಲ್ಲಿ ಹೇಳುವವರು ಯಾರೂ ಇರಲಿಲ್ಲ ಅನ್ನೋದನ್ನೂ ಸೇರಿಸಿ ಹೇಳಬೇಕು.

ಆಮೇಲೆ ನಮ್ಮನ್ನೆಲ್ಲ ಮಧ್ಯಮ ವರ್ಗ ಮಾಡಿದ್ದು ಯಾರು? ಸರ್ಕಾರವೇ ತಾನೆ. ಪ್ಲೇಗು ಬಂದ ಮೇಲೆ 1903ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಮಾಡಿ ಅಗಲ ರಸ್ತೆ, ಚರಂಡಿ, ಸೈಟು ಅಂತ ಹೊಸ ಬಡಾವಣೆ ಕಟ್ಟಿದ್ದು ಸರ್ಕಾರ. 1916ರಲ್ಲಿ ವಿಶ್ವವಿದ್ಯಾಲಯ ಕಟ್ಟಿದ್ದು ಸರ್ಕಾರ. ಆಮೇಲೆ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ, ವಾಕ್ ಶ್ರವಣ ಸಂಸ್ಥೆ, ನೋಟು ಮುದ್ರಣ ಘಟಕ. ಮೈಸೂರಿನ ಮಧ್ಯಮ ವರ್ಗ ವ್ಯಾಪಾರ ಮಾಡಿ ಬೆಳೆದದ್ದು ಕಡಿಮೆ, ಸಂಬಳ ತಗೊಂಡು ಬೆಳೆದದ್ದೇ ಹೆಚ್ಚು.

ಆ ಸಂಬಳ ಯಾರಿಗೆ ಸಿಗಬೇಕು ಅನ್ನೋದರ ಮೇಲೂ ಜಗಳ ಆಗಿದೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕು ಅಂತ ಆ ಸಮಿತಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಇಂಥ ಮೀಸಲಾತಿ ಒಪ್ಪಿಗೆ ಇರಲಿಲ್ಲ. ಸಮಿತಿ ನೇಮಿಸಿದ ವರ್ಷದ ಕೊನೆಗೇ ಅವರು ಹುದ್ದೆ ಬಿಟ್ಟರು. ನನ್ನ ಮನೆತನಕ್ಕೆ ಇಬ್ಬರ ಋಣವೂ ಇದೆ. ನಮ್ಮಜ್ಜ ಮದ್ದೂರು ತಾಲ್ಲೂಕಿನ ರೈತ. ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯನವರ ಹೆಸರಿನ ವಿ.ಸಿ. ನಾಲೆಯಲ್ಲಿ ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಮೈಶುಗರ್ ಶುರುವಾಗಿ, ರಾಗಿ ಹೊಲ ಕಬ್ಬಿನ ಗದ್ದೆ ಆಯಿತು. ಆ ದುಡ್ಡಿನಲ್ಲಿ ಅಪ್ಪ ಮೈಸೂರಿಗೆ ಬಂದು ಓದಿದರು. ಓದಿದ್ದಕ್ಕೆ ಕೆಲಸ ಸಿಕ್ಕಿದ್ದು ಮಿಲ್ಲರ್ ಕಾಲದಲ್ಲಿ ಶುರುವಾಗಿ ದೇವರಾಜ ಅರಸು, ಹಾವನೂರು ವರದಿಯವರೆಗೆ ಬೆಳೆದ ಮೀಸಲಾತಿಯಿಂದ. ನಮ್ಮ ಸ್ವಂತ ಪರಿಶ್ರಮ ಅಂತ ಮದುವೆ ಮನೆಯಲ್ಲಿ ಮಾತಾಡುವಾಗ ನಾಲೆಯೂ, ಸಮಿತಿಯೂ ಯಾರಿಗೂ ನೆನಪಾಗುವುದಿಲ್ಲ.

ಇಷ್ಟರವರೆಗೆ ಹೇಳಿದ್ದು ಬಾಯಿ ಬಿಟ್ಟು ಕೇಳಿ ಪಡೆದದ್ದರ ಕಥೆ. ಇದಕ್ಕಿಂತ ದೊಡ್ಡ ಪ್ರಭಾವ ಇನ್ನೊಂದಿದೆ, ನಾವು ಸುಮ್ನೆ ಎದ್ದು ಹೋಗುವುದು.

ಅಪ್ಪ ಓದಿದ ಊರ ಶಾಲೆಯಲ್ಲಿ ಪಟೇಲರ ಮಕ್ಕಳೂ ಇದ್ದರಂತೆ, ಮೇಷ್ಟರ ಮಕ್ಕಳೂ ಇದ್ದರಂತೆ. ಮೇಷ್ಟ್ರು ಎರಡು ದಿನ ಬರದಿದ್ದರೆ ಪಟೇಲರು ಕೇಳುತ್ತಿದ್ದರು. ಮಳೆಗೆ ಹೆಂಚು ಹಾರಿದರೆ ಮರುದಿನವೇ ಯಾರಾದರೂ ಹತ್ತುತ್ತಿದ್ದರು. ನಾನು ಮೈಸೂರಿನಲ್ಲಿ ಅನುದಾನಿತ ಕನ್ನಡ ಶಾಲೆಯಲ್ಲಿ ಓದಿದೆ. ನನ್ನ ಮಗಳು ಇಂಗ್ಲಿಷ್ ಮೀಡಿಯಂ ಖಾಸಗಿ ಶಾಲೆ. ಮೂರು ತಲೆಮಾರಿನಲ್ಲಿ ಮೂರು ಮೆಟ್ಟಿಲು, ಎಷ್ಟೋ ಮನೆಗಳಲ್ಲಿ ಇದೇ ಕಥೆ. ಸರ್ಕಾರಿ ಶಾಲೆಯ ಮೇಷ್ಟರ ಮಕ್ಕಳೂ ಈಗ ವ್ಯಾನಿನಲ್ಲೇ ಹೋಗುತ್ತಾರೆ. ಸರ್ಕಾರಿ ಶಾಲೆಗೆ ಎಸ್‌ಡಿಎಂಸಿ ಅಂತ ಸಮಿತಿ ಇದೆ, ಪೋಷಕರೇ ಅದರ ಸದಸ್ಯರು. ಪಾರ್ಕಿನ ದೀಪಕ್ಕೆ ಇಷ್ಟು ಚೆಂದ ಅರ್ಜಿ ಬರೆಯುವ ನಮ್ಮ ಇಂಜಿನಿಯರ್ ಆ ಸಮಿತಿಯಲ್ಲಿ ಇದ್ದಿದ್ದರೆ ಶೌಚಾಲಯಕ್ಕೆ ನೀರು ಬರುವವರೆಗೆ ಬಿಡುತ್ತಿರಲಿಲ್ಲ. ಅವರ ಮೊಮ್ಮಕ್ಕಳು ಅಲ್ಲಿಲ್ಲ. ಹಾಗಾಗಿ ಅವರೂ ಇಲ್ಲ. ಕೂಲಿ ಬಿಟ್ಟು ಸಭೆಗೆ ಬರಲಾಗದ ಅಪ್ಪ ಅಮ್ಮಂದಿರು ಆ ಕುರ್ಚಿಯಲ್ಲಿದ್ದಾರೆ. 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಸರ್ಕಾರಿ ಸಂಬಳ ಪಡೆಯುವವರು ಮಕ್ಕಳನ್ನು ಸರ್ಕಾರಿ ಶಾಲೆಗೇ ಕಳಿಸಬೇಕು ಅಂತ ಆದೇಶ ಮಾಡಿತ್ತು. ಅದು ಜಾರಿಗೆ ಬರಲೇ ಇಲ್ಲ. ಬರುತ್ತೆ ಅಂತ ಯಾರಾದರೂ ನಂಬಿದ್ದರಾ?

ಸರ್ಕಾರಿ ಅಂದರೆ ಕೆಟ್ಟದ್ದು ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ. ಮೈಸೂರಿನಲ್ಲೇ ಸಾಕ್ಷಿ ಇದೆ. ಕೇಂದ್ರೀಯ ವಿದ್ಯಾಲಯ ಸರ್ಕಾರದ್ದು. ಮಾನಸಗಂಗೋತ್ರಿ ಪಕ್ಕದ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಡೆಮಾನ್‌ಸ್ಟ್ರೇಷನ್ ಶಾಲೆಯೂ ಸರ್ಕಾರದ್ದು. ಅಲ್ಲಿ ಸೀಟಿಗೆ ನಮ್ಮವರು ಮುಗಿಬೀಳುತ್ತಾರೆ. ಕೇಂದ್ರೀಯ ವಿದ್ಯಾಲಯದಲ್ಲಿ ಸಂಸದರ ಕೋಟಾ ಅಂತ ಹತ್ತು ಸೀಟು ಇತ್ತು, 2022ರಲ್ಲಿ ತೆಗೆದರು. ಅದಕ್ಕೆ ಮೊದಲು ಏಪ್ರಿಲ್ ಬಂದರೆ ಸಂಸದರ ಕಚೇರಿಯ ಮುಂದೆ ಯಾರು ನಿಲ್ಲುತ್ತಿದ್ದರು ಅಂತೀರಿ? ಮಿಡ್ಲ್ ಕ್ಲಾಸೇ.

ಆಸ್ಪತ್ರೆಯದೂ ಹೀಗೇ. ಕೆ.ಆರ್.ಎಸ್. ರಸ್ತೆಯ ಜಯದೇವಕ್ಕೆ ಒಮ್ಮೆ ಹೋಗಿ ನೋಡಿ. ಎದೆ ನೋವು ಅಂತ ಬಂದ ಹುಣಸೂರಿನ ರೈತನೂ, ಜಯಲಕ್ಷ್ಮೀಪುರಂನ ನಿವೃತ್ತ ಪ್ರೊಫೆಸರೂ ಅಕ್ಕಪಕ್ಕದ ಕುರ್ಚಿಯಲ್ಲಿ ಇಸಿಜಿ ಹಿಡಿದು ಕೂತಿರುತ್ತಾರೆ. ಮೊದಲು ಚಿಕಿತ್ಸೆ, ಆಮೇಲೆ ಹಣ ಅನ್ನುವುದು ಅಲ್ಲಿನ ಮಾತು. ಅದೂ ರಾಜ್ಯ ಸರ್ಕಾರದ ಸ್ವಾಯತ್ತ ಸಂಸ್ಥೆಯೇ. ಅದು ಚೆನ್ನಾಗಿರುವುದಕ್ಕೆ ಒಳ್ಳೆಯ ವೈದ್ಯರು, ಸ್ವಾಯತ್ತತೆ ಎಲ್ಲ ಕಾರಣ, ನಿಜ. ಆದರೆ ಫ್ಯಾನ್ ತಿರುಗದಿದ್ದರೆ ಪತ್ರಿಕೆಗೆ ಬರೆಯುವವರು ಅಲ್ಲಿನ ರೋಗಿಗಳಲ್ಲೇ ಇರುತ್ತಾರೆ ಅನ್ನೋದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆ.ಆರ್. ಆಸ್ಪತ್ರೆಗೆ ಸುತ್ತಲ ಜಿಲ್ಲೆಗಳಿಂದ ಬಡವರು ಬರುತ್ತಾರೆ. ನಾವು ಹೋಗುವುದು ಬಹುಪಾಲು ಸರ್ಟಿಫಿಕೇಟಿಗೆ.

ಹೀಗೆ ಒಂದೊಂದೇ ಬಿಟ್ಟೆವು. ಕರೆಂಟ್ ಹೋದರೆ ಯುಪಿಎಸ್, ನೀರಿಗೆ ಬೋರ್‌ವೆಲ್ಲು, ಕುಡಿಯಲು ಫಿಲ್ಟರ್, ಬಸ್ಸಿನ ಬದಲು ಸ್ಕೂಟರು. ಪ್ರತಿಯೊಂದೂ ಆ ಮನೆಯ ಮಟ್ಟಿಗೆ ಸರಿಯಾದ ತೀರ್ಮಾನವೇ. ಮಗಳ ಶಾಲೆಯ ವಿಷಯದಲ್ಲಿ ನಾನೂ ಬೇರೆ ತೀರ್ಮಾನ ಮಾಡುತ್ತಿರಲಿಲ್ಲ. ಆದರೆ ನಾವು ಬಿಟ್ಟುಬಂದ ಜಾಗದಲ್ಲಿ ಕೇಳುವವರು ಇಲ್ಲದಂತಾಯಿತು. ಅಲ್ಲಿಗೆ ಹೋಗುವ ದುಡ್ಡಿನ ಬಗ್ಗೆ ನಮಗೂ ಆಸಕ್ತಿ ಹೋಯಿತು.

ಎನ್‌ಟಿಎಂ ಶಾಲೆಯ ಗತಿ ನೋಡಿ. ಊರ ನಡುವಿನ, ಶತಮಾನ ದಾಟಿದ ಕನ್ನಡ ಹೆಣ್ಣುಮಕ್ಕಳ ಶಾಲೆ. ಸ್ವಾಮಿ ವಿವೇಕಾನಂದರು ಮೈಸೂರಿಗೆ ಬಂದಾಗ ಉಳಿದಿದ್ದ ನಿರಂಜನ ಮಠದ ಜಾಗದಲ್ಲಿ ಸ್ಮಾರಕ ಆಗಬೇಕು ಅಂತ ಒಂದು ಕಡೆ, ಶಾಲೆ ಉಳಿಯಬೇಕು ಅಂತ ಇನ್ನೊಂದು ಕಡೆ. ವರ್ಷಗಟ್ಟಲೆ ಹೋರಾಟ, ಕೋರ್ಟು. ಕೊನೆಗೆ 2022ರ ಆರಂಭದಲ್ಲಿ ಕಟ್ಟಡ ಕೆಡವಿದರು. ನನಗೆ ಬೇಜಾರಾಯಿತು. ಆದರೆ ಎರಡೂ ಕಡೆ ಭಾಷಣ ಮಾಡಿದವರು ನಮ್ಮವರೇ, ಓದಿಕೊಂಡವರೇ. ಅಷ್ಟೂ ಜನರಲ್ಲಿ ಮಗಳನ್ನೋ ಮೊಮ್ಮಗಳನ್ನೋ ಆ ಶಾಲೆಗೆ ಸೇರಿಸಿದ್ದವರು ಯಾರಾದರೂ ಇದ್ದರಾ ಅಂತ ಕೇಳಿಕೊಂಡರೆ ಉತ್ತರ ಕಷ್ಟ. ತೀರ್ಪು ಬರುವ ಎಷ್ಟೋ ಮುಂಚೆಯೇ ಅಲ್ಲಿ ಮಕ್ಕಳ ಸಂಖ್ಯೆ ತೀರಾ ಇಳಿದುಹೋಗಿತ್ತು.

ನಮ್ಮವರು ಒಳ್ಳೆಯದನ್ನೂ ಮಾಡಿದ್ದಾರೆ, ಹೇಳದಿದ್ದರೆ ತಪ್ಪಾಗುತ್ತೆ. ಚಾಮುಂಡಿ ಬೆಟ್ಟಕ್ಕೆ ರೋಪ್‌ವೇ ಬೇಡ ಅಂತ ಪಟ್ಟು ಹಿಡಿದು 2022ರಲ್ಲಿ ಆ ಯೋಜನೆ ಕೈಬಿಡುವಂತೆ ಮಾಡಿದರು. ಲಲಿತಮಹಲ್ ಹತ್ತಿರ ಹೆಲಿಕಾಪ್ಟರ್ ಪ್ರವಾಸಕ್ಕೆ ಮರ ಕಡಿಯಲು ಹೊರಟಾಗ ಎದ್ದು ನಿಂತರು. ಬೆಟ್ಟ, ಮರ, ಕೆರೆ ಅಂದರೆ ಮೈಸೂರಿಗರು ಬಿಡುವುದಿಲ್ಲ. ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮ್ ಕಸದ ಗುಡ್ಡೆ ಮಾತ್ರ ವರ್ಷಗಟ್ಟಲೆ ಅಲ್ಲೇ ನಾರುತ್ತಿತ್ತು. 2015ರಲ್ಲಿ 476 ನಗರಗಳಲ್ಲಿ ಮೈಸೂರೇ ಸ್ವಚ್ಛ ಅಂತ ಪಟ್ಟಿ ಬಂದಾಗಲೂ ಅದು ಅಲ್ಲೇ ಇತ್ತು. ಬೆಟ್ಟಕ್ಕೆ ಸಿಕ್ಕಷ್ಟು ಸಹಿ ಆ ಗುಡ್ಡೆಯ ಪಕ್ಕದ ಮನೆಗಳಿಗೆ ಸಿಗಲಿಲ್ಲ.

ಮಂಡ್ಯದ ಕಡೆಯವರ ಅರ್ಜಿ ಬೇರೆ ಥರ. ಕಾವೇರಿ ಅಂದರೆ ಸಂಜಯ ಸರ್ಕಲ್‌ನಲ್ಲಿ ಕೂರುವುದು. ಬೆಂಗಳೂರು-ಮೈಸೂರು ರಸ್ತೆ ಊರ ಮಧ್ಯೆಯೇ ಹೋಗುತ್ತಿತ್ತಲ್ಲ, ಇಲ್ಲಿ ನೂರು ಜನ ಕೂತರೆ ಬೆಂಗಳೂರಿನ ಕಾರು, ಮಂತ್ರಿಯ ಕಾರು ಎರಡೂ ನಿಲ್ಲುತ್ತಿದ್ದವು. ವಿಧಾನಸೌಧಕ್ಕೆ ಸುದ್ದಿ ಮುಟ್ಟಲು ಬೇರೆ ಟಪಾಲು ಬೇಕಿರಲಿಲ್ಲ. 2023ರ ಮಾರ್ಚ್ 12ರಂದು ಗೆಜ್ಜಲಗೆರೆಯಲ್ಲಿ ಪ್ರಧಾನಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಮಾಡಿದರು. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ, ಎಲ್ಲಕ್ಕೂ ಬೈಪಾಸ್. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗೆ ಮುಖ್ಯ ರಸ್ತೆಯಲ್ಲಿ ಪ್ರವೇಶ ಇಲ್ಲ. ಅಪಘಾತಗಳು ವಿಪರೀತ ಆಗಿದ್ದವು, ಆ ನಿಷೇಧಕ್ಕೆ ಕಾರಣ ಇತ್ತು. ನನಗೂ ಆ ರಸ್ತೆ ಇಷ್ಟ. ಬೆಂಗಳೂರಿಗೆ ಹೋಗಿ ಸಂಜೆ ಊಟಕ್ಕೆ ಮನೆಗೆ ಬರಬಹುದು. ಆದರೆ ತಮ್ಮ ಭೂಮಿ ಕೊಟ್ಟ ಊರಿನವರು ಟಿವಿಎಸ್ ಎಕ್ಸೆಲ್ ಹತ್ತಿ ಸರ್ವೀಸ್ ರಸ್ತೆಯಲ್ಲಿ ಹೋಗುತ್ತಾರೆ, ನಾನು ಟೋಲ್ ಕಟ್ಟಿ ಅವರ ತಲೆ ಮೇಲೆ ಹೋಗುತ್ತೇನೆ. ಅದೇ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ ಎದ್ದು ಮಂಡ್ಯ ಬಂದ್ ಆಯಿತು. ಸಂಜಯ ಸರ್ಕಲ್‌ನಲ್ಲಿ ಜನ ಕೂತೇ ಇದ್ದರು. ಬೆಂಗಳೂರಿನ ಕಾರುಗಳು ಊರ ಹೊರಗೆ, ಬೈಪಾಸ್‌ನಲ್ಲಿದ್ದವು. ಇದನ್ನು ಯಾರೂ ಬೇಕಂತ ಮಾಡಿದ್ದಲ್ಲ. ನಮಗೆ ಬೇಗ ಹೋಗಬೇಕಿತ್ತು, ಅಷ್ಟೆ.

ಗ್ಯಾರಂಟಿ ವಿಷಯ ತೆಗೆದರೆ ಜಗಳವೇ ಆಗುತ್ತದೆ, ಆದರೂ ಒಂದೆರಡು ಮಾತು. 2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಉದ್ಘಾಟನೆ ಆದದ್ದು ನಮ್ಮ ಮಹಾರಾಜ ಕಾಲೇಜು ಮೈದಾನದಲ್ಲೇ. ಅವತ್ತಿನಿಂದ "ಬಿಟ್ಟಿ ಭಾಗ್ಯ" ಅನ್ನೋ ಬೈಗುಳ ಪಾರ್ಕಿನಲ್ಲಿ ನಿಂತಿಲ್ಲ. ಹಾಗೆ ಬೈಯುವವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ, ಮೇಲೆ ಸೋಲಾರ್ ಹೀಟರ್, ಗೃಹಜ್ಯೋತಿಯಲ್ಲಿ ಸೆಸ್ಕ್ ಬಿಲ್ಲು ಸೊನ್ನೆ. ಅದು ಬಿಟ್ಟಿ ಅಲ್ವಂತೆ, "ನಾವು ಟ್ಯಾಕ್ಸ್ ಕಟ್ಟೋರು." ಕೆಲಸದಾಕೆ ಸೋಪಿಗೆ, ಟೂತ್‌ಪೇಸ್ಟಿಗೆ ವರ್ಷಗಟ್ಟಲೆ ಶೇ 18 ಜಿಎಸ್‌ಟಿ ಕಟ್ಟಿದಳು, 2025ರ ಸೆಪ್ಟೆಂಬರ್‌ನಲ್ಲಿ ಅದು 5ಕ್ಕೆ ಇಳಿಯುವವರೆಗೆ. ಅದನ್ನು ಯಾರೂ ಟ್ಯಾಕ್ಸ್ ಅಂತ ಎಣಿಸುವುದಿಲ್ಲ. ಇನ್ನು 2019ರಲ್ಲಿ ಬಂದ ಇಡಬ್ಲ್ಯುಎಸ್ ಮೀಸಲಾತಿಯಲ್ಲಿ ಬೇರೆ ಮೀಸಲಾತಿ ಇಲ್ಲದ, ವರ್ಷಕ್ಕೆ 8 ಲಕ್ಷದೊಳಗಿನ ಆದಾಯದ ಮನೆಯವರು, ಆಸ್ತಿಯ ಮಿತಿ ದಾಟದಿದ್ದರೆ, ಆರ್ಥಿಕವಾಗಿ ದುರ್ಬಲರು. ಆಗ ಎರಡೂವರೆ ಲಕ್ಷ ದಾಟಿದರೆ ಆದಾಯ ತೆರಿಗೆಯ ಲೆಕ್ಕ ಶುರುವಾಗುತ್ತಿತ್ತು. ಒಂದೇ ಮನೆ ಒಂದು ಕಚೇರಿಯಲ್ಲಿ ಬಡವ, ಇನ್ನೊಂದರಲ್ಲಿ ತೆರಿಗೆದಾರ. ಇಷ್ಟು ಅನುಕೂಲದ ಗೆರೆ ಬಡವರಿಗೆ ಯಾರೂ ಎಳೆದುಕೊಟ್ಟದ್ದು ನಾನು ಕಾಣೆ.

ಈ ಎಲ್ಲದರ ನಡುವೆ ನಮ್ಮ ಊರಲ್ಲಿ ಒಂದು ವಿಚಿತ್ರ ನಡೆದಿದೆ. ಮೈಸೂರು ಮಹಾನಗರ ಪಾಲಿಕೆಗೆ 65 ವಾರ್ಡು. ಚುನಾಯಿತ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಯು ವಿಧಿ ಹೇಳುತ್ತದೆ. 2024 ಹೋಯಿತು, 2025 ಬಂತು, ಚುನಾವಣೆ ಬರಲಿಲ್ಲ. ಅಧಿಕಾರಿಗಳೇ ಊರು ನಡೆಸಿದರು. ಪ್ರಜಾಪ್ರತಿನಿಧಿ ಸಭೆ ಕಂಡ ಊರು ಇದು, ಒಬ್ಬ ಪ್ರತಿನಿಧಿಯೂ ಇಲ್ಲದೆ ಬಜೆಟ್ ಆಯಿತು, ಟೆಂಡರ್ ಆಯಿತು. ಪಾರ್ಕಿನಲ್ಲಿ ಯಾರಿಗೂ ಅದು ದೊಡ್ಡ ಕೊರತೆ ಅನ್ನಿಸಲಿಲ್ಲ. ಕೆಲವರಿಗೆ ಖುಷಿಯೇ ಆಯಿತು. ಕಾರ್ಪೊರೇಟರ್ ಕಾಟ ಇಲ್ಲ, ಕಮಿಷನ್ ಇಲ್ಲ, ನೇರವಾಗಿ ಆಯುಕ್ತರಿಗೆ ಅರ್ಜಿ ಕೊಟ್ಟರೆ ಆಯಿತು ಅನ್ನುತ್ತಾರೆ.

ನಮ್ಮ ಮನೆಗೆ ಬರುವಾಕೆಗೆ ಆಯುಕ್ತರ ಕಚೇರಿ ಎಲ್ಲಿದೆ ಅಂತಲೂ ಗೊತ್ತಿಲ್ಲ. ಹಳೇ ಕಾರ್ಪೊರೇಟರ್ ಗೊತ್ತಿದ್ದ. ಕೆಲಸ ಮಾಡಿಕೊಡುತ್ತಿದ್ದನೋ ಇಲ್ಲವೋ, ಬೆಳಿಗ್ಗೆ ಅವನ ಮನೆ ಬಾಗಿಲಲ್ಲಿ ನಿಂತು ಜೋರು ಮಾಡಬಹುದಿತ್ತು. ನಲ್ಲಿಯಲ್ಲಿ ನೀರು ಬರದಿದ್ದರೆ ನಾಲ್ಕು ಜನ ಕೊಡ ಹಿಡಿದು ಹೋಗುತ್ತಿದ್ದರು. ಮುಂದಿನ ಸಲ ವೋಟು ಬೇಕಾದವನು ಬಾಗಿಲು ಹಾಕಿಕೊಳ್ಳುವಂತಿರಲಿಲ್ಲ. ಓದು ಬರಹ, ಸೀಲು ಯಾವುದೂ ಬೇಕಿಲ್ಲದ ಒಂದೇ ಕಚೇರಿ ಅಂದರೆ ಅದು. ಈಗ ಅದೂ ಇಲ್ಲ.

ಹೋದ ವಾರ ಪಾರ್ಕಿನಲ್ಲಿ ಈ ಮಾತು ತೆಗೆದೆ. ಪಾಲಿಕೆ ಚುನಾವಣೆ ನಡೆಸಿ ಅಂತ ಸಂಘದಿಂದ ಒಂದು ಮನವಿ ಕೊಡೋಣ, ನೀವೇ ಬರೆದುಕೊಡಿ ಅಂತ ಇಂಜಿನಿಯರನ್ನು ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅದನ್ನ ಯಾರ ಹೆಸರಿಗೆ ಅಡ್ರೆಸ್ ಮಾಡೋದು?"

"ನಗರಾಭಿವೃದ್ಧಿ ಇಲಾಖೆಗೆ ಒಂದು, ರಾಜ್ಯ ಚುನಾವಣಾ ಆಯೋಗಕ್ಕೆ ಒಂದು. ಪತ್ರಿಕೆಗೆ ಪ್ರತಿ."

"ಬಂದ್ರೆ ನಮಗೇನ್ರೀ ಲಾಭ?" ಅಂದರು ಪಕ್ಕದಲ್ಲಿದ್ದ ಬ್ಯಾಂಕಿನವರು.

ಇಂಜಿನಿಯರ್ ಸ್ವಲ್ಪ ಯೋಚಿಸಿ, ಡ್ರಾಫ್ಟ್ ಮಾಡೋಣ, ಮೊದಲು ಈ ದೀಪದ್ದು ಮುಗೀಲಿ ಅಂದರು.